ಕಾಲಿನ ರಾಡಿಗೆ ರೇಟು ಐತಿ, ತಲೆ ಒಳಗಿನ ಪೆಟ್ಟಿಗೆ ಇಲ್ಲ!

ದಾವಣಗೆರೆ ಹಳೇ ಪೇಟೆಯ ಒಂದು ಕಿರಾಣಿ ಅಂಗಡಿ. ಹೆಸರು, ಬೀದಿ ಬೇಡ. ಆ ಮನೆಯವರಿಗೆ ಇರುವ ಸಂಕಟವೇ ಸಾಕಷ್ಟಿದೆ. ಅಂಗಡಿಯವನಿಗೆ ವಯಸ್ಸು 38. ಎರಡು ವರ್ಷದ ಹಿಂದಿನವರೆಗೂ ಆತ ಕ್ಯಾಲ್ಕುಲೇಟರ್ ಮುಟ್ಟಿದವನಲ್ಲ. ಕಾಲು ಕೆಜಿ ತೊಗರಿಬೇಳೆ, ಅರ್ಧ ಕೆಜಿ ಸಕ್ಕರೆ, ಎರಡು ಸೋಪು, ಒಂದು ಕಡ್ಡಿಪೆಟ್ಟಿಗೆ ಅಂದರೆ ಸಾಕು, ಗಿರಾಕಿ ಚೀಲದ ಬಾಯಿ ಮಡಚುವಷ್ಟರಲ್ಲಿ ಮೊತ್ತ ಹೇಳಿ ಆಗಿರುತ್ತಿತ್ತು. ಯಾವ ಮನೆಯ ಉದ್ರಿ ಎಷ್ಟು, ಯುಗಾದಿಗೆ ಕೊಡ್ತೀನಿ ಅಂದವರು ಯಾರು ದೀಪಾವಳಿ ದಾಟಿಸಿದರು, ಎಲ್ಲವೂ ತಲೆಯಲ್ಲೇ.

ಈಗ ಗಲ್ಲಾದ ಮುಂದೆ ಹೆಂಡತಿ ಕೂತಿದ್ದಾಳೆ. ಆತ ಪಕ್ಕದ ಸ್ಟೂಲಿನ ಮೇಲೆ. ನೂರರ ನೋಟು ಕೊಟ್ಟವರಿಗೆ ಐನೂರರ ಲೆಕ್ಕದಲ್ಲಿ ಚಿಲ್ಲರೆ ಕೊಟ್ಟದ್ದು ಒಂದೆರಡು ಸಲವಲ್ಲ. ಡಬ್ಬಿಯ ಶೇಂಗಾ ಎಣ್ಣೆ ಕಮಟು ಹಿಡಿದಿದ್ದರೂ ಮೂಗಿಗೆ ಗೊತ್ತಾಗುವುದಿಲ್ಲ. "ಹತ್ತು ರೂಪಾಯಿ ಬಿಟ್ಟು ಕೊಡ್ರೀ ಸಾವ್ಕಾರ್ರೇ" ಎಂದ ಹಳೇ ಗಿರಾಕಿಯ ಮೇಲೆ ತೂಕದ ಕಲ್ಲು ಎತ್ತಿದ್ದ. ಆ ಗಿರಾಕಿ ಈಗ ಎದುರುಗಡೆ ಅಂಗಡಿಗೆ ಹೋಗುತ್ತಾರೆ. ಅವರ ಹಿಂದೆ ಅವರ ಓಣಿಯೂ ಹೋಯಿತು.

"ನೋಡಾಕೆ ಏನೂ ಆಗಿಲ್ಲ ಬಿಡ್ರಿ, ಆಳು ಮೊದಲಿನಂಗೇ ಅದಾನೆ" ಎಂಬುದು ಬೀದಿಯ ತೀರ್ಪು. ಪರಿಹಾರದ ಕೇಸಿನಲ್ಲೂ ಹೆಚ್ಚುಕಡಿಮೆ ಇದೇ ತೀರ್ಪಾಯಿತು. ತೊಂದರೆ ಇರುವುದೇ ಅಲ್ಲಿ.

ಆದದ್ದು ಇಷ್ಟು. ಮಂಡಿಪೇಟೆಯಿಂದ ಮಾಲು ಹೇರಿಕೊಂಡು ಸಂಜೆ ಹೊತ್ತು ಮೊಪೆಡ್ ಮೇಲೆ ಬರುತ್ತಿದ್ದಾಗ ಗೂಡ್ಸ್ ಗಾಡಿಯೊಂದು ಹಿಂದಿನಿಂದ ಗುದ್ದಿತು. ಹೆಲ್ಮೆಟ್ ಇತ್ತು, ಹ್ಯಾಂಡಲ್‌ಗೆ ನೇತುಹಾಕಿತ್ತು. ಬಲಗಾಲು ಮುರಿಯಿತು. ತಲೆ ರಸ್ತೆಗೆ ಬಡಿಯಿತು. ಎರಡು ದಿನ ಸರಿಯಾದ ಪ್ರಜ್ಞೆ ಇರಲಿಲ್ಲ. ತಲೆಯ ಸ್ಕ್ಯಾನ್ ನೋಡಿದ ಡಾಕ್ಟರು "ಸ್ವಲ್ಪ ಬಾವು, ಸಣ್ಣ ರಕ್ತದ ಕಲೆ, ಆಪರೇಷನ್ ಬೇಡ" ಎಂದರು. ಮನೆಯವರು ದೇವರಿಗೆ ಕೈಮುಗಿದರು. ಕಾಲಿಗೆ ರಾಡು ಹಾಕಿದರು. ಹನ್ನೊಂದನೇ ದಿನ ಡಿಸ್ಚಾರ್ಜ್. ಆ ಚೀಟಿಯಲ್ಲಿ ಕಾಲಿನ ಬಗ್ಗೆ ಅರ್ಧ ಪುಟ, ತಲೆಯ ಬಗ್ಗೆ ಒಂದೇ ಸಾಲು. ಪೊಲೀಸರಿಗೆ ಹೋದ ವೂಂಡ್ ಸರ್ಟಿಫಿಕೇಟಿನಲ್ಲಿ ಕಾಲಿನದು ತೀವ್ರ ಗಾಯ, ತಲೆಯದು ಸಾದಾ ಗಾಯ. ತಲೆಚರ್ಮ ಹರಿದದ್ದನ್ನು ಬರೆದಿದ್ದರು, ತಲೆಬುರುಡೆಯ ಒಳಗೆ ಏನಾಯಿತೆಂದು ಬರೆದಿರಲಿಲ್ಲ.

ಆ ಒಂದು ಸಾಲು, ಆ 'ಸಾದಾ' ಎಂಬ ಎರಡಕ್ಷರ, ಮುಂದೆ ಆ ಮನೆಗೆ ಹತ್ತು ಲಕ್ಷಕ್ಕೂ ಮಿಗಿಲಾದ ಹೊಡೆತ ಕೊಟ್ಟಿತು.

ಕಾಣದ ಪೆಟ್ಟು

ಓಡುವ ಬಸ್ಸಿಗೆ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದಾಗ ನಿಂತ ಪ್ರಯಾಣಿಕರು ಒಬ್ಬರ ಮೇಲೊಬ್ಬರು ಬೀಳುವುದನ್ನು ದಿನಾ ನೋಡುತ್ತೇವೆ. ತಲೆ ರಸ್ತೆಗೆ ಬಡಿದಾಗ ಬುರುಡೆಯೊಳಗಿನ ಮಿದುಳಿಗೂ ಅದೇ ಗತಿ. ಬುರುಡೆ ನಿಂತುಬಿಡುತ್ತದೆ, ಮಿದುಳು ನಿಲ್ಲುವುದಿಲ್ಲ. ಮುಂದೆ ಹೋಗಿ ಹಣೆಯ ಒಳಗೋಡೆಗೆ, ಕಪಾಲದ ಬದಿಯ ಮೂಳೆಗೆ ಬಡಿಯುತ್ತದೆ. ಒಳಗಿನ ಸೂಕ್ಷ್ಮ ನರದೆಳೆಗಳು ಜಗ್ಗಿ ಹರಿಯುತ್ತವೆ. ಈ ಹರಿದ ಎಳೆಗಳು ಸಾಮಾನ್ಯ ಸಿ.ಟಿ. ಸ್ಕ್ಯಾನಿನಲ್ಲಿ ಅನೇಕ ಸಲ ಕಾಣುವುದೇ ಇಲ್ಲ. ಎಂ.ಆರ್.ಐ. ಮಾಡಿಸಿದರೆ ಸ್ವಲ್ಪ ಹೆಚ್ಚು ಕಂಡೀತು. "ಸ್ಕ್ಯಾನ್ ನಾರ್ಮಲ್ ಐತಿ" ಅಂದರೆ "ತಲೆ ನಾರ್ಮಲ್ ಐತಿ" ಎಂದು ಅರ್ಥವಲ್ಲ.

ಹಣೆಯ ಹಿಂದಿನ ಭಾಗವೇ ಮನುಷ್ಯನ ಮೇಸ್ತ್ರಿ. ಕೋಪ ತಡೆಯುವುದು, ಮುಂದಿನ ಕೆಲಸ ಯೋಚಿಸುವುದು, ಯಾರ ಹತ್ತಿರ ಹೇಗೆ ಮಾತಾಡಬೇಕೆಂದು ತೂಗುವುದು ಎಲ್ಲಾ ಅದರ ಪಾಲಿನ ಕೆಲಸ. ಅದಕ್ಕೆ ಪೆಟ್ಟಾದರೆ ಕೈ ಕಾಲು ಆಡುತ್ತವೆ, ಮಾತು ಬರುತ್ತದೆ, ಊಟ ಸೇರುತ್ತದೆ. ಮನುಷ್ಯ ಮಾತ್ರ ಬೇರೆ ಆಗಿರುತ್ತಾನೆ. ಮೂಗಿನ ಮೇಲೆ ಜರಡಿಯಂಥ ಮೂಳೆಯಲ್ಲಿ ಹಾದುಹೋಗುವ ವಾಸನೆಯ ನರಗಳು ಅದೇ ಪೆಟ್ಟಿಗೆ ತುಂಡಾಗಬಹುದು. ಕೆಲವರಿಗೆ ತಿಂಗಳುಗಳ ಮೇಲೆ, ವರ್ಷಗಳ ಮೇಲೆ ಫಿಟ್ಸ್ ಶುರುವಾಗುತ್ತದೆ.

ಆಸ್ಪತ್ರೆಗಳಲ್ಲಿ ಇದನ್ನು ಅಳೆಯಲು ಗ್ಲಾಸ್ಗೋ ಅಂಕ ಎಂಬುದುಂಟು. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 8 ಮತ್ತು ಅದಕ್ಕೂ ಕಡಿಮೆ ಇದ್ದರೆ ತೀವ್ರ, 9ರಿಂದ 12 ಮಧ್ಯಮ, 13ರಿಂದ 15 ಸೌಮ್ಯ. ಈ 'ಸೌಮ್ಯ' ಎಂಬ ಮಾತು ಜನರನ್ನು ದಾರಿ ತಪ್ಪಿಸುತ್ತದೆ. ಸೌಮ್ಯ ಎಂಬುದು ಆ ದಿನದ ಪ್ರಜ್ಞೆಯ ಲೆಕ್ಕ, ಆರು ತಿಂಗಳ ನಂತರದ ಅಂಗಡಿಯ ಲೆಕ್ಕವಲ್ಲ. ಬಹಳ ಜನ ಪೂರ್ತಿ ಗುಣವಾಗುತ್ತಾರೆ, ನಿಜ. ಆಗದವರೂ ಇದ್ದಾರೆ, ಅವರ ಸಂಕಟ ಯಾವ ರಿಜಿಸ್ಟರಿನಲ್ಲೂ ಬರುವುದಿಲ್ಲ.

ಕೇಸು ಹೆಣೆದವರು ಯಾರು?

ಆಸ್ಪತ್ರೆಯ ಕಾರಿಡಾರಿನಲ್ಲೇ ಒಬ್ಬ ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು. "ಅಕ್ಕಾ, ಕಾಲಿಗೆ ರಾಡು ಹಾಕ್ಯಾರ? ಹಂಗಾದ್ರೆ ಕೇಸು ಗಟ್ಟಿ ಐತಿ. ನೀವು ಒಂದು ರೂಪಾಯಿ ಕೊಡೋದು ಬ್ಯಾಡ. ಬಂದದ್ರಾಗೆ ನೂರಕ್ಕೆ ಇಪ್ಪತ್ತು ನಮ್ಮದು" ಎಂದ. ವಕೀಲರ ಮುಖವನ್ನು ಆ ಹೆಣ್ಣುಮಗಳು ಕಂಡದ್ದು ಎರಡೇ ಸಲ.

ಬಂದದ್ದರಲ್ಲಿ ಪಾಲು ಎಂಬ ಈ ಕರಾರು ಸಲೀಸಾಗಿ ನಡೆಯುತ್ತಿದೆ. ಆದರೆ ಕೇಸಿನ ಫಲದಲ್ಲಿ ಪಾಲು ಕೇಳುವುದು ವಕೀಲರಿಗೆ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮದಲ್ಲೇ ನಿಷಿದ್ಧ. ಊರಲ್ಲಿ ಪ್ರಾಮಾಣಿಕ ವಕೀಲರು ಬೇಕಾದಷ್ಟಿದ್ದಾರೆ. ಕಾರಿಡಾರಿನಲ್ಲಿ ಕಾಯುವವನು ಅವರ ಪೈಕಿಯಲ್ಲ, ಅಷ್ಟೆ.

ಅರ್ಜಿ ತಯಾರಾಯಿತು. ಅದರ ತುಂಬಾ ಕಾಲು. ತಲೆ ಎಂಬುದು 'ಇತರೆ ಗಾಯಗಳು' ಎಂಬಲ್ಲಿ ಸೇರಿಹೋಯಿತು. ಸಾಕ್ಷಿ ಹೇಳಲು ಮೂಳೆ ಡಾಕ್ಟರು ಬಂದರು. ಬಲಗಾಲಿಗೆ ಶೇಕಡಾ 30ರಷ್ಟು ಊನ ಎಂದರು. ಕಾಲಿನ ಊನವನ್ನು ಇಡೀ ದೇಹಕ್ಕೆ ಇಳಿಸುವಾಗ ಮೂರನೇ ಒಂದು ಭಾಗ ಮಾಡುವುದು ರೂಢಿ. ಆದ್ದರಿಂದ ಇಡೀ ದೇಹಕ್ಕೆ ಶೇಕಡಾ 10. ನರರೋಗದ ಡಾಕ್ಟರನ್ನು ಯಾರೂ ಕರೆಯಲಿಲ್ಲ, ಯಾಕೆಂದರೆ ಅರ್ಜಿಯಲ್ಲಿ ನರ ಇರಲಿಲ್ಲ.

ಈಗ ಅಂಗಡಿಯವರಿಗೆ ಅರ್ಥವಾಗುವ ಹಾಗೆ ಲೆಕ್ಕ ಹಾಕೋಣ. ತಿಂಗಳ ಆದಾಯ ಹದಿನೈದು ಸಾವಿರ ಅಂದುಕೊಳ್ಳಿ. ವರ್ಷಕ್ಕೆ 1,80,000. ಸುಪ್ರೀಂ ಕೋರ್ಟು 2009ರಲ್ಲಿ ವಯಸ್ಸಿಗೆ ತಕ್ಕ ಗುಣಕದ ಪಟ್ಟಿಯನ್ನು ಖಚಿತ ಮಾಡಿದೆ. 36ರಿಂದ 40ರ ವಯಸ್ಸಿಗೆ 15. ಗುಣಿಸಿದರೆ 27 ಲಕ್ಷ. ದುಡಿಯುವ ಶಕ್ತಿ ಶೇಕಡಾ 10 ಹೋಯಿತು ಅಂದರೆ ಕೈಗೆ 2,70,000. ಅದೇ ಶೇಕಡಾ 60 ಹೋಯಿತು ಎಂದು ರುಜುವಾತಾದರೆ 16,20,000. ನಡುವಿನ ವ್ಯತ್ಯಾಸ ಹದಿಮೂರೂವರೆ ಲಕ್ಷ. ಮುಂದೆ ಆದಾಯ ಬೆಳೆಯುತ್ತಿತ್ತಲ್ಲ ಎಂಬ ಬಾಬ್ತು, ನೋವು ಸಂಕಟದ ಬಾಬ್ತು, ಔಷಧಿ, ನೋಡಿಕೊಳ್ಳುವವರ ಖರ್ಚು, ಇವೆಲ್ಲಾ ಬೇರೆ.

ಶೇಕಡಾ 10ಕ್ಕೂ 60ಕ್ಕೂ ನಡುವೆ ಏನಿದೆ? ಒಂದು ಪರೀಕ್ಷೆ ಇದೆ, ಅಷ್ಟೇ. ನೆನಪು, ಗಮನ, ಲೆಕ್ಕ, ಯೋಜನೆ, ಕೋಪದ ತಡೆ ಇವನ್ನು ತಾಸುಗಟ್ಟಲೆ ಕೂರಿಸಿ ಅಳೆಯುವ ನರಮನಶ್ಶಾಸ್ತ್ರದ ಪರೀಕ್ಷೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ತರಬೇತಾದವರಿದ್ದಾರೆ. ರಾತ್ರಿ ರೈಲೋ ಬಸ್ಸೋ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಆ ಮನೆಯವರಿಗೆ ಇದನ್ನು ಹೇಳಿದವರಿಲ್ಲ. ಶರ್ಟಿನವನಿಗೆ ಹೇಳುವ ಅಗತ್ಯವಿರಲಿಲ್ಲ. ಬೇಗ ಮುಗಿದರೆ ಬೇಗ ಇಪ್ಪತ್ತು.

ಕಾನೂನು ಕುರುಡಲ್ಲ, ಕಾಗದ ಕುರುಡು

ಕಾನೂನನ್ನು ಬೈಯುವುದು ಸುಲಭ. ಆದರೆ ಈ ವಿಷಯದಲ್ಲಿ ಕಾನೂನು ಜನರ ಕಡೆಗೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 168ನೇ ಕಲಂ ಕೊಡಬೇಕೆನ್ನುವುದು 'ನ್ಯಾಯಯುತ' ಪರಿಹಾರ. 2010ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ: ದೇಹದ ಊನ ಎಷ್ಟು ಎಂಬುದು ಒಂದು, ಆ ಊನದಿಂದ ಈ ಮನುಷ್ಯನ ದುಡಿಮೆ ಎಷ್ಟು ಹೋಯಿತು ಎಂಬುದು ಇನ್ನೊಂದು, ಪರಿಹಾರ ಕಟ್ಟಬೇಕಾದ್ದು ಎರಡನೆಯದರ ಮೇಲೆ. ಆ ತೀರ್ಪಿನಲ್ಲೇ ಉದಾಹರಣೆ ಇದೆ. ಎಡಗೈ ಕಳೆದುಕೊಂಡವನು ಡ್ರೈವರನೋ ಬಡಗಿಯೋ ಆಗಿದ್ದರೆ ಅವನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ; ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸ ಉಳಿಯಬಹುದು. ಅದೇ ತಕ್ಕಡಿಯಲ್ಲಿ ತೂಗಿದರೆ, ಚಿಲ್ಲರೆ ಎಣಿಸಲಾಗದ ಕಿರಾಣಿಯವನು, ಗಿರಾಕಿಯ ಮೇಲೆ ಕಲ್ಲು ಎತ್ತುವ ಕಿರಾಣಿಯವನು ಎಷ್ಟು ಕಳೆದುಕೊಂಡ?

ಇನ್ನೊಂದು ಕೇಸು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನಿಂದ ದೆಹಲಿಗೆ ಹೋದದ್ದು. 2007ರಲ್ಲಿ ಲಾರಿ ಗುದ್ದಿ 12 ವರ್ಷದ ಹುಡುಗಿಯ ಮಿದುಳಿಗೆ ಪೆಟ್ಟಾಯಿತು. ದೇಹ ಬೆಳೆಯಿತು, ಬುದ್ಧಿ ಒಂಬತ್ತು ತಿಂಗಳ ಕೂಸಿನದಾಗಿ ಉಳಿಯಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು 62 ಲಕ್ಷ 27 ಸಾವಿರ ರೂಪಾಯಿ ಪರಿಹಾರ ಕೊಟ್ಟಿತು. ನೋಡಿಕೊಳ್ಳುವ ಇಬ್ಬರು ಆಳುಗಳ ಖರ್ಚನ್ನು ಗುಣಕದ ಲೆಕ್ಕದಲ್ಲೇ ಸೇರಿಸಿತು. ಅದೊಂದೇ 21 ಲಕ್ಷ 60 ಸಾವಿರ. ಕೆಳಗಿನ ಕೋರ್ಟುಗಳು ಕೊಟ್ಟದ್ದು ಇದಕ್ಕಿಂತ ಬಹಳ ಕಡಿಮೆ. ಅಪ್ಪ ಅಮ್ಮ ಮೇಲಕ್ಕೆ ಹೋದದ್ದರಿಂದ ಸಿಕ್ಕಿತು. ಮೇಲಕ್ಕೆ ಹೋಗಲು ಅವರ ಕೈಯಲ್ಲಿ ಡಾಕ್ಟರು ಪರೀಕ್ಷಿಸಿ ಬರೆದುಕೊಟ್ಟ ಬುದ್ಧಿಮಟ್ಟದ ಕಾಗದ ಇತ್ತು.

ನಮ್ಮ ಕಿರಾಣಿಯವನ ಕೇಸು ಮೇಲಕ್ಕೆ ಹೋಗುವ ಹಾಗೇ ಇಲ್ಲ. ಯಾಕೆಂದರೆ ಅದು ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. 3,25,000 ರೂಪಾಯಿಗೆ. ಟ್ರಿಬ್ಯುನಲ್ ತೀರ್ಪು ಕೊಟ್ಟಿದ್ದರೆ 90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಹಾಕಬಹುದಿತ್ತು. ಲೋಕ ಅದಾಲತ್ ರಾಜಿಗೆ ಮೇಲ್ಮನವಿ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹಾಗೆಯೇ ಇದೆ. ಲೋಕ ಅದಾಲತ್ ಕೆಟ್ಟದ್ದೆಂದು ಯಾರೂ ಹೇಳುವುದಿಲ್ಲ. ಚೆಕ್ ಬೌನ್ಸ್, ಅಣ್ಣತಮ್ಮಂದಿರ ಆಸ್ತಿ ಪಾಲು, ಕೂಡಿದ ಮೂಳೆ, ಇವಕ್ಕೆ ಅದರಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ಆದರೆ ತಲೆಗೆ ಪೆಟ್ಟಾದವನ ನಷ್ಟ ಎಷ್ಟೆಂದು ಗೊತ್ತಾಗುವ ಮೊದಲೇ ರಾಜಿ ಮಾಡುವುದು, ಮೂಟೆ ಬಿಚ್ಚದೆ ಮಾಲು ಮಾರಿದ ಹಾಗೆ.

ಎಲ್ಲಕ್ಕಿಂತ ವಿಚಿತ್ರ ಇದು. ಆ ರಾಜಿ ಪತ್ರಕ್ಕೆ ಸಹಿ ಹಾಕಿದವನು ಆತನೇ! ನೂರು, ಐನೂರು ನೋಟಿನ ವ್ಯತ್ಯಾಸ ಹಿಡಿಯಲಾಗದವನಿಗೆ ಮೂರೂಕಾಲು ಲಕ್ಷದ ರಾಜಿ ತಿಳಿಯಿತೇ ಎಂದು ಕೇಳಿದವರು ಯಾರು? ಬುದ್ಧಿಯ ಬಲ ಕಳೆದುಕೊಂಡು ತನ್ನ ಹಿತ ತಾನು ನೋಡಿಕೊಳ್ಳಲಾಗದವನ ಪರವಾಗಿ ಹತ್ತಿರದವರೊಬ್ಬರು ಕೇಸು ನಡೆಸಬೇಕು, ರಾಜಿಗೆ ಕೋರ್ಟಿನ ಅನುಮತಿ ಬೇಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ಆದರೆ ಬುದ್ಧಿಗೆ ಪೆಟ್ಟಾಗಿದೆ ಎಂದು ಕಡತದಲ್ಲಿ ಒಂದಕ್ಷರವಿಲ್ಲದಿದ್ದರೆ ನ್ಯಾಯಾಧೀಶರಿಗೆ ಹೇಗೆ ಗೊತ್ತಾಗಬೇಕು? ಎದುರಿಗೆ ನಿಂತವನು ಕ್ರಾಪು ಬಾಚಿಕೊಂಡು, ನಮಸ್ಕಾರ ಹೇಳಿ, ಹೂಂ ಅಂದ.

3,25,000ದಲ್ಲಿ ಇಪ್ಪತ್ತರ ಪಾಲು 65,000 ಹೋಯಿತು. ಉಳಿದದ್ದು ಆಸ್ಪತ್ರೆ ಸಾಲಕ್ಕೆ, ಅಡ ಇಟ್ಟ ಬಂಗಾರಕ್ಕೆ. ಭಾಮೈದ ಕೊಟ್ಟ ಕೈಸಾಲ ಹಾಗೇ ಇದೆ.

ಆರು ತಿಂಗಳ ಗಡಿಯಾರ

ಈಗ ಪೆಟ್ಟು ತಿಂದವರು, ನಾಳೆ ತಿನ್ನಬಹುದಾದವರು (ಯಾರೂ ತಿನ್ನದಿರಲಿ) ಗಮನಿಸಬೇಕಾದ ಸಂಗತಿ ಒಂದಿದೆ. 1994ರ ತಿದ್ದುಪಡಿಯ ನಂತರ ಪರಿಹಾರದ ಅರ್ಜಿಗೆ ಕಾಲಮಿತಿ ಇರಲಿಲ್ಲ. 2019ರ ತಿದ್ದುಪಡಿ ಅದನ್ನು ಮತ್ತೆ ತಂದಿತು. 2022ರ ಏಪ್ರಿಲ್ 1ರಿಂದ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಇದನ್ನು ಪ್ರಶ್ನಿಸಿದ ಅರ್ಜಿಗಳ ಮೇಲೆ ಸುಪ್ರೀಂ ಕೋರ್ಟು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಕೊಟ್ಟು, ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿ ವಜಾ ಮಾಡಬೇಡಿ ಎಂದಿತು. ಮಧ್ಯಂತರ ಆದೇಶ ಎಂದರೆ ಮಧ್ಯಂತರವೇ. ಅದನ್ನು ನಂಬಿ ಕೂತುಕೊಳ್ಳುವುದು ಕಡೇ ಬಸ್ಸು ತಡವಾಗಿ ಬರುತ್ತದೆಂದು ಮನೆಯಲ್ಲೇ ಮಲಗಿದ ಹಾಗೆ.

ಆರು ತಿಂಗಳಲ್ಲಿ ಮಿದುಳಿನ ಪೆಟ್ಟು ತನ್ನ ಪೂರ್ತಿ ರೂಪ ತೋರಿಸಿರುವುದಿಲ್ಲ. ಅದಕ್ಕೇನು ಮಾಡಬೇಕು? ಅರ್ಜಿ ಸಮಯಕ್ಕೆ ಹಾಕಬೇಕು, ಅದರಲ್ಲಿ ತಲೆಯ ಪೆಟ್ಟನ್ನು ಮೊದಲ ಸಾಲಿನಲ್ಲೇ ಬರೆಸಬೇಕು. ಊನ ಎಷ್ಟೆಂಬ ಪರೀಕ್ಷೆ, ಡಾಕ್ಟರ ಸಾಕ್ಷಿ ಆಮೇಲೆ ಬರುತ್ತದೆ. ದೊಡ್ಡ ಆಸ್ಪತ್ರೆಯ ಡಾಕ್ಟರು ಕೋರ್ಟಿಗೆ ಬರಲು ಪುರುಸೊತ್ತಿಲ್ಲ ಅಂದರೆ ಕಮಿಷನರ್ ನೇಮಿಸಿ ಅವರಿದ್ದಲ್ಲೇ ಸಾಕ್ಷಿ ದಾಖಲಿಸುವ ದಾರಿಯೂ ಇದೆ. ಅರ್ಜಿಯನ್ನು ಅಪಘಾತವಾದ ಊರಲ್ಲೇ ಹಾಕಬೇಕೆಂದಿಲ್ಲ. ಗಾಯಾಳು ವಾಸವಿರುವ ಅಥವಾ ವ್ಯಾಪಾರ ಮಾಡುವ ಊರಿನ ಟ್ರಿಬ್ಯುನಲ್ಲಿಗೂ ಹಾಕಬಹುದು. ಜಗಳೂರಿನವನಿಗೆ ಚಿತ್ರದುರ್ಗದ ಹತ್ತಿರ ಹೆದ್ದಾರಿಯಲ್ಲಿ ಗುದ್ದಿದರೂ ದಾವಣಗೆರೆಯಲ್ಲಿ ಕೇಸು ನಡೆಸಲು ಅಡ್ಡಿಯಿಲ್ಲ.

ಪೊಲೀಸರ ಪಾಲಿನ ಕೆಲಸವೂ ಹೆಚ್ಚಾಗಿದೆ. 2022ರ ಏಪ್ರಿಲ್‌ನಿಂದ ಜಾರಿಯಾದ ನಿಯಮಗಳ ಪ್ರಕಾರ ಅಪಘಾತವಾದ 48 ಗಂಟೆಯೊಳಗೆ ಮೊದಲ ವರದಿ, 90 ದಿನದೊಳಗೆ ವಿವರವಾದ ವರದಿ ಟ್ರಿಬ್ಯುನಲ್ಲಿಗೆ ಹೋಗಬೇಕು. ಹತ್ತು ದಿನದೊಳಗೆ ಗಾಯಾಳುವಿಗೆ ಅವನ ಹಕ್ಕುಗಳೇನು ಎಂಬ ಕಾಗದ, ಫಾರಂ 2, ಕೊಡಬೇಕು. ಈ ಅಂಗಡಿಯವನ ಹೆಂಡತಿಯನ್ನು ಕೇಳಿದರೆ, "ಅಂಥಾದ್ದು ಯಾವ ಕಾಗದಾನೂ ಬಂದಿಲ್ಲಪ್ಪ. ಸಹಿ ಮಾಡ್ರಿ ಅಂದ್ರು, ಮಾಡಿದ್ವಿ" ಎನ್ನುತ್ತಾಳೆ. ಐ.ಪಿ.ಸಿ. 279, 337, 338 ಎಂದು ಬಾಯಿಪಾಠವಾಗಿದ್ದ ಕಲಂಗಳನ್ನು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281, 125 ಎಂದು ಬದಲಿಸಿಕೊಳ್ಳಲು ಠಾಣೆಗಳಿಗೆ ಸಾಧ್ಯವಾಯಿತು. ಒಂದು ಫಾರಂ ಕನ್ನಡದಲ್ಲಿ ಅಚ್ಚು ಹಾಕಿಸಿ ಕೈಗಿಡುವುದು ಅದಕ್ಕಿಂತ ಕಷ್ಟವೇನೂ ಅಲ್ಲ. ಅರ್ಧ ಠಾಣೆಗೆ ಸಿಬ್ಬಂದಿ ಸಾಲದು ಎಂಬ ಮಾತೂ ಸುಳ್ಳಲ್ಲ, ಒಪ್ಪೋಣ.

ಗುದ್ದಿದ ಗಾಡಿ ಓಡಿಹೋಗಿ ನಂಬರೇ ಸಿಗದಿದ್ದರೆ ಇನ್ನೊಂದು ಯೋಜನೆ ಇದೆ. ಸತ್ತರೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಅರ್ಜಿಯ ವಿಚಾರಣೆ ತಾಲ್ಲೂಕು ಮಟ್ಟದ ಕಂದಾಯ ಅಧಿಕಾರಿಯಿಂದ ಶುರುವಾಗಿ ಜಿಲ್ಲಾಧಿಕಾರಿಗಳವರೆಗೆ ಹೋಗುತ್ತದೆ. ಮಿದುಳು ಕಳೆದುಕೊಂಡವನಿಗೆ 50 ಸಾವಿರ ಎಂಬುದು ಪರಿಹಾರವೇ ಎಂದು ಕೇಳಿದರೆ ಉತ್ತರಿಸುವವರಿಲ್ಲ. ಆದರೂ ಬಿಡುವುದೇಕೆ?

ಬಸ್ಸಿನಲ್ಲಿ ಓಡಾಡುವವರಿಗೂ ಎರಡು ಮಾತು. ಸರ್ಕಾರಿ ಸಾರಿಗೆ ನಿಗಮದ ಬಸ್ಸುಗಳಿಗೆ ವಿಮಾ ಕಂಪನಿ ಇರುವುದಿಲ್ಲ. ಪರಿಹಾರವನ್ನು ನಿಗಮವೇ ತನ್ನ ನಿಧಿಯಿಂದ ಕಟ್ಟಬೇಕು. ಕಟ್ಟದೇ ಹೋದಾಗ ಕೋರ್ಟಿನ ಅಮೀನರು ಸ್ಟ್ಯಾಂಡಿಗೇ ಬಂದು ಬಸ್ಸು ಜಪ್ತಿ ಮಾಡುವ ಸುದ್ದಿಗಳನ್ನು ಇದೇ ಪುಟಗಳಲ್ಲಿ ಓದಿದ್ದೀರಿ. ಬಾಗಿಲಿನಿಂದ ಬಿದ್ದು ತಲೆಗೆ ಪೆಟ್ಟಾದವರು ಟಿಕೆಟನ್ನು ಬಿಸಾಡಬಾರದು. ಆ ಅಂಗೈಯಗಲದ ಚೀಟಿಯೇ ನೀವು ಆ ಬಸ್ಸಿನಲ್ಲಿದ್ದಿರಿ ಎನ್ನುವುದಕ್ಕೆ ಮೊದಲ ಸಾಕ್ಷಿ. ಉಚಿತ ಪ್ರಯಾಣದ ಹೆಣ್ಣುಮಕ್ಕಳಿಗೂ ಶೂನ್ಯ ಟಿಕೆಟ್ ಕೊಡುವುದು ಸುಮ್ಮನೆ ಅಲ್ಲ, ಕೇಳಿ ಇಸಿದುಕೊಳ್ಳಿ.

ಹೆಲ್ಮೆಟ್ ಬಗ್ಗೆ ಹೇಳಿ ಹೇಳಿ ಬಾಯಿ ನೋಯುತ್ತದೆ. ರಾಜ್ಯದಲ್ಲಿ ಹಿಂಬದಿ ಸವಾರರಿಗೂ 2016ರ ಜನವರಿಯಿಂದ ಕಡ್ಡಾಯ. ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ ಮಾರುವುದು 2021ರ ಜೂನ್ 1ರಿಂದ ನಿಷಿದ್ಧ. ಆದರೂ ಪಿ.ಬಿ. ರಸ್ತೆಯ ಪಕ್ಕ ಬುಟ್ಟಿಯಂಥ ಟೋಪಿಗಳ ರಾಶಿ ಇದ್ದೇ ಇರುತ್ತದೆ. ಅದು ತಲೆಗಲ್ಲ, ಪೊಲೀಸರ ಕಣ್ಣಿಗೆ ಹಾಕುವ ಟೋಪಿ. ಹೆಲ್ಮೆಟ್ ಇಲ್ಲದೆ ತಲೆಗೆ ಪೆಟ್ಟಾದರೆ ವಿಮಾ ಕಂಪನಿಯ ವಕೀಲರು 'ನಿನ್ನ ತಪ್ಪೂ ಇದೆ' ಎಂದು ವಾದಿಸುತ್ತಾರೆ, ಪರಿಹಾರಕ್ಕೆ ಕತ್ತರಿ ಬಿದ್ದ ಕೇಸುಗಳೂ ಇವೆ. ನಮ್ಮ ಕಿರಾಣಿಯವನ ಶರ್ಟಿನವನು ತಲೆಯ ವಿಷಯ ಎತ್ತದಿರಲು ಇದನ್ನೇ ಕಾರಣ ಕೊಟ್ಟನಂತೆ: "ತಲೆ ಅಂದ್ರೆ ಹೆಲ್ಮೆಟ್ ಕೇಳ್ತಾರೆ, ಕಾಲು ಅಂದ್ರೆ ಏನೂ ಕೇಳಲ್ಲ." ನಾಲ್ಕಾಣೆ ಕತ್ತರಿಗೆ ಹೆದರಿ ಹನ್ನೆರಡಾಣೆ ಬಿಟ್ಟುಕೊಟ್ಟ ಬುದ್ಧಿವಂತಿಕೆ!

ದುಡ್ಡಿಲ್ಲದವರು ಕಾರಿಡಾರಿನವನ ಕೈಗೆ ಬೀಳಬೇಕಿಲ್ಲ. ಕೋರ್ಟ್ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಇವರಿಗೆ ಆದಾಯ ಎಷ್ಟೇ ಇರಲಿ ವಕೀಲರನ್ನು ಪುಕ್ಕಟೆ ಕೊಡಬೇಕು. ಫೋನ್ ನಂಬರ್ 15100. ಆಸ್ಪತ್ರೆ ಖರ್ಚಿಗೆ ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಯೋಜನೆ ಪ್ರಕಟಿಸಿದೆ: ಅಪಘಾತವಾದ ದಿನದಿಂದ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದಿಲ್ಲದ ಚಿಕಿತ್ಸೆ. ಆಸ್ಪತ್ರೆಯ ಕೌಂಟರಿನಲ್ಲಿ ಮೊದಲ ದಿನವೇ ಬಾಯಿಬಿಟ್ಟು ಕೇಳಬೇಕು.

ಇನ್ನು ಡಾಕ್ಟರಿಗೆ ಏನು ಹೇಳಬೇಕು ಎಂಬುದು. "ತಲೆ ನೋವು ಐತ್ರಿ" ಅಂದರೆ ಮಾತ್ರೆ ಬರೆದು ಕಳಿಸುತ್ತಾರೆ. ಎಷ್ಟು ಹೊತ್ತು ಪ್ರಜ್ಞೆ ತಪ್ಪಿತ್ತು, ಅಪಘಾತದ ಹಿಂದು ಮುಂದಿನದು ಎಷ್ಟು ನೆನಪಿಲ್ಲ, ವಾಸನೆ ಗೊತ್ತಾಗುತ್ತದೆಯೋ ಇಲ್ಲವೋ, ನಿದ್ದೆ, ಕೋಪ, ಲೆಕ್ಕ ಇವನ್ನು ಹೇಳಿ ಚೀಟಿಯಲ್ಲಿ ಬರೆಸಬೇಕು. ಪೆಟ್ಟು ತಿಂದವನು ಹೇಳುವುದಿಲ್ಲ. ತಾನು ಬದಲಾಗಿದ್ದೇನೆ ಎಂಬುದು ಬಹಳ ಸಲ ಅವನಿಗೇ ತಿಳಿಯುವುದಿಲ್ಲ. ಮನೆಯವರೇ ಹೇಳಬೇಕು. ಮನೆಯವರು ಮರ್ಯಾದೆಗೆ ಅಂಜಿ ಮುಚ್ಚಿಡುತ್ತಾರೆ. "ಗಂಡ ಹೊಡೆದ ಅಂತ ಹೆಂಗ್ ಹೇಳಾದು" ಎಂದು ಆ ಹೆಣ್ಣುಮಗಳು ಒಂದು ವರ್ಷ ಬಾಯಿ ಮುಚ್ಚಿಕೊಂಡಳು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಕೈ ಎತ್ತದವನು ಈಗ ಎತ್ತುತ್ತಾನೆ, ಕ್ಷಣದಲ್ಲಿ ಮರೆತು "ಊಟಕ್ಕೆ ಏನೈತಿ" ಎನ್ನುತ್ತಾನೆ. ಇದು ಕೆಟ್ಟತನವಲ್ಲ, ಪೆಟ್ಟು ಎಂದು ಆಕೆಗೆ ತಿಳಿಸಿಹೇಳಿದವರು ಡಾಕ್ಟರಲ್ಲ, ವಕೀಲರಲ್ಲ. ದಿನಾ ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿಗೆ ಬರುವ ನಿವೃತ್ತ ನರ್ಸಮ್ಮ ಒಬ್ಬರು.

ಪರಿಹಾರದ ಬಾಗಿಲು ಮುಚ್ಚಿಯಾಗಿದೆ. ಅಂಗವಿಕಲರ ಕಾರ್ಡಾದರೂ ಸಿಗಲಿ, ಫಿಟ್ಸ್ ಬರದಂತೆ ಮದ್ದಾದರೂ ಸಿಗಲಿ ಎಂದು ಮುಂದಿನ ತಿಂಗಳು ಬೆಂಗಳೂರಿಗೆ ಕರೆದೊಯ್ಯುತ್ತಿದ್ದಾಳೆ. ನರ್ಸಮ್ಮನ ಮಾತಿನಂತೆ ಉದ್ರಿ ಪುಸ್ತಕದ ಕೊನೆಯ ಹಾಳೆಗಳಲ್ಲಿ ದಿನಾ ಬರೆದಿಡುತ್ತಾಳೆ. ಪೆನ್ಸಿಲಿನ ಅಕ್ಷರ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಬರೆದದ್ದು. ಸೋಮವಾರ, ಅಕ್ಕಿ ಚೀಲಕ್ಕೆ ಎರಡು ಸಲ ದುಡ್ಡು ಕೊಟ್ಟರು. ಮಂಗಳವಾರ, ಗ್ಯಾಸ್ ಆರಿಸಲಿಲ್ಲ, ವಾಸನೆ ಬರಲಿಲ್ಲ ಅಂದರು. ಗುರುವಾರ, ಮಗಳು ಎಷ್ಟನೇ ಕ್ಲಾಸು ಅಂತ ಕೇಳಿದರು. ಶುಕ್ರವಾರ, ಏನೂ ಇಲ್ಲ, ಚೆನ್ನಾಗಿದ್ದರು.